ಮೂವರಿಗೆ ಒಂದೇ ಕ್ಯಾಮೆರಾ

ನಾವು ಮೂವರು. ಒಬ್ಬನ ಮನೆ ಭಟ್ಕಳ, ಒಬ್ಬನದು ಹೊನ್ನಾವರ, ಇನ್ನೊಬ್ಬನದು ಕುಮಟಾ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು. ಓದು ಮುಗಿದು ಒಬ್ಬೊಬ್ಬರು ಒಂದೊಂದು ದಾರಿ ಹಿಡಿಯುವ ಮೊದಲು ಒಟ್ಟಿಗೆ ಏನಾದರೂ ಮಾಡಬೇಕೆಂಬ ಹುಮ್ಮಸ್ಸು ನಮಗಿತ್ತು. 2012ರ ಬೇಸಿಗೆಯಲ್ಲಿ ಆ ಹುಮ್ಮಸ್ಸು ಒಂದು ಕ್ಯಾಮೆರಾದ ರೂಪ ತಾಳಿತು.

ಭಟ್ಕಳದ ಗೆಳೆಯನ ಚಿಕ್ಕಪ್ಪ ದುಬೈಯಿಂದ ರಜೆಯಲ್ಲಿ ಬಂದಿದ್ದರು. ಗಲ್ಫ್‌ನಲ್ಲಿ ಒಬ್ಬ ಚಿಕ್ಕಪ್ಪನೋ ಮಾವನೋ ಇಲ್ಲದ ಮನೆಯನ್ನು ಭಟ್ಕಳದಲ್ಲಿ ಹುಡುಕುವುದು ಕಷ್ಟ. ಅವರು ಒಂದು ವರ್ಷ ಬಳಸಿದ ನಿಕಾನ್ ಡಿ 3100 ಕ್ಯಾಮೆರಾವನ್ನು ಅರ್ಧ ಬೆಲೆಗೆ ಕೊಡಲು ಒಪ್ಪಿದರು. ಮೂವರೂ ಪಾಲು ಹಾಕಿದೆವು. ಹತ್ತು ದಿನ ಒಬ್ಬನ ಬಳಿ, ಹತ್ತು ದಿನ ಇನ್ನೊಬ್ಬನ ಬಳಿ ಎಂದು ನಿಯಮ ಮಾಡಿಕೊಂಡೆವು. ಅಂದಿನಿಂದ ಆ ಕ್ಯಾಮೆರಾ ಬಸ್ಸಿನಲ್ಲಿ, ಪ್ಯಾಸೆಂಜರ್ ರೈಲಿನಲ್ಲಿ ಭಟ್ಕಳಕ್ಕೂ ಕುಮಟಾಕ್ಕೂ ನಡುವೆ ಓಡಾಡತೊಡಗಿತು. ನಮಗಿಂತ ಹೆಚ್ಚು ಪ್ರಯಾಣ ಮಾಡಿದ್ದು ಅದೇ ಇರಬೇಕು.

ಕಲಿಸುವವರು ಯಾರೂ ಇರಲಿಲ್ಲ. ತಪ್ಪುಗಳೇ ನಮ್ಮ ಗುರುಗಳು. ಮೊದಲ ಪಾಠ ಮೊದಲ ಮಳೆಗಾಲದಲ್ಲೇ ಬಂತು. ಜೋಪಾನವಾಗಿರಲೆಂದು ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿಟ್ಟು, ಬಟ್ಟೆಯ ಕಪಾಟಿನೊಳಗೆ ಬೀಗ ಹಾಕಿ ಇಟ್ಟಿದ್ದೆವು. ಆಗಸ್ಟ್‌ನಲ್ಲಿ ತೆಗೆದು ನೋಡಿದರೆ ಲೆನ್ಸಿನೊಳಗೆ ಜೇಡರ ಬಲೆಯಂತಹ ಬಿಳಿ ಎಳೆಗಳು. ಬೂಷ್ಟು! ರಿಪೇರಿಯವನು ಕೇಳಿದ ದರದಲ್ಲಿ ಇನ್ನೊಂದು ಲೆನ್ಸೇ ಬರುತ್ತಿತ್ತು.

ಕರಾವಳಿಯಲ್ಲಿ ಕ್ಯಾಮೆರಾ ಕೊಳ್ಳುವವರಿಗೆ ಅಂಗಡಿಯವರು ಹೇಳದ ಮಾತು ಇದು. ನಮ್ಮಲ್ಲಿ ಕ್ಯಾಮೆರಾದ ದೊಡ್ಡ ಶತ್ರು ಕಳ್ಳನಲ್ಲ, ತೇವ. ಚರ್ಮ ಮತ್ತು ಬಟ್ಟೆ ತೇವವನ್ನು ಹಿಡಿದಿಡುತ್ತವೆ. ಗಾಳಿಯಾಡದ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಒಂದು ಪುಟ್ಟ ಮಾಪಕ, ಇಷ್ಟಿದ್ದರೆ ಸಾಕು. ಮಾಪಕ ಶೇಕಡಾ 40ರಿಂದ 50ರ ನಡುವೆ ಇರಬೇಕು. ಜೆಲ್ ಬಣ್ಣ ಬದಲಿಸಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಅಕ್ಕಿಯಲ್ಲಿ ಹುಗಿದಿಡಿ ಎಂದು ಸಲಹೆ ಕೊಡುವವರಿದ್ದಾರೆ. ಬೇಡ, ಅಕ್ಕಿಯ ಹುಡಿ ಇನ್ನೊಂದು ತೊಂದರೆ. ಕಡಲ ದಂಡೆಯಿಂದ ಬಂದ ಮೇಲೆ ಕ್ಯಾಮೆರಾದ ಹೊರಮೈಯನ್ನು ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ ಇಡಬೇಕು. ಮರಳಿನ ಮೇಲೆ ನಿಂತು ಲೆನ್ಸ್ ಬದಲಿಸುವ ಸಾಹಸ ಮಾಡಲೇಬಾರದು.

ಎರಡನೆಯ ಪೆಟ್ಟು ಇನ್ನೊಂದು ಲೆನ್ಸ್ ಕೊಂಡಾಗ ಬಿತ್ತು. ಕಡಿಮೆ ಬೆಲೆಗೆ ಸಿಕ್ಕಿತೆಂದು ಹಳೆಯ 50 ಎಂಎಂ, ಎಫ್ 1.8 ಲೆನ್ಸ್ ತಂದೆವು. ಹಾಕಿ ನೋಡಿದರೆ ಫೋಕಸ್ ತಾನಾಗಿ ಆಗುವುದೇ ಇಲ್ಲ! ಆ ಮಾದರಿಯ ಲೆನ್ಸಿಗೆ ಬೇಕಾದ ಮೋಟಾರು ಕ್ಯಾಮೆರಾದೊಳಗೆ ಇರಬೇಕು, ನಮ್ಮ ಕ್ಯಾಮೆರಾದಲ್ಲಿ ಅದಿಲ್ಲ ಎಂಬುದು ಹಣ ಕೊಟ್ಟ ಮೇಲೆ ತಿಳಿಯಿತು. ಕೈಯಿಂದಲೇ ತಿರುಗಿಸಿ ಫೋಕಸ್ ಮಾಡುವುದನ್ನು ಕಲಿತೆವು. ಅದೇ ಒಳ್ಳೆಯದಾಯಿತೇನೋ. ಕಣ್ಣು ಎಲ್ಲಿ ನೋಡಬೇಕೆಂದು ಮೊದಲು ತೀರ್ಮಾನಿಸದೆ ಆ ಲೆನ್ಸಿನಲ್ಲಿ ಒಂದು ಫೋಟೋವನ್ನೂ ತೆಗೆಯಲಾಗುತ್ತಿರಲಿಲ್ಲ.

ಇಂದು ಕಲಿಯುವವರಿಗೆ ನಾವು ಹೇಳುವುದಿಷ್ಟೇ. ಮೊದಲ ಆರು ತಿಂಗಳು ಕೈಯಲ್ಲಿರುವ ಮೊಬೈಲ್ ಸಾಕು. ಆಮೇಲೂ ಆಸೆ ಉಳಿದರೆ ಬಳಸಿದ ಒಂದು ಕ್ಯಾಮೆರಾ ನೋಡಿ. ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗಬೇಡಿ. ಎ4 ಅಳತೆಯ ಒಳ್ಳೆಯ ಪ್ರಿಂಟಿಗೆ ಒಂಬತ್ತು ಮೆಗಾಪಿಕ್ಸೆಲ್ ಸಾಕು. ಮಿಕ್ಕ ಹಣವನ್ನು ಲೆನ್ಸಿಗೆ, ಡಬ್ಬಿಗೆ ಮತ್ತು ಬಸ್ ಟಿಕೆಟಿಗೆ ಇಟ್ಟುಕೊಳ್ಳಿ.

ಅಂದ ಹಾಗೆ, ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಮ್ಮೂರ ಹೆಂಚಿನ ಮನೆಗಳು ಮೊದಲಿನಿಂದಲೂ ತೋರಿಸುತ್ತಾ ಬಂದಿವೆ. ಮಾಡಿನ ಸಣ್ಣ ತೂತಿನಿಂದ ಬೀಳುವ ಬಿಸಿಲು ನೆಲದ ಮೇಲೆ ನಾಣ್ಯದಂತೆ ದುಂಡಗಿರುತ್ತದಲ್ಲ? ತೂತು ದುಂಡಗಿಲ್ಲದಿದ್ದರೂ ಬೆಳಕು ದುಂಡಗಿರುತ್ತದೆ. ಏಕೆಂದರೆ ಅದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಾಸರಗೋಡಿನ ಚೆರುವತ್ತೂರಿನಲ್ಲಿ ಬೆಂಕಿಯ ಬಳೆಯಂತೆ ಕಂಡ ಸೂರ್ಯಗ್ರಹಣ ನಮ್ಮಲ್ಲಿ ಭಾಗಶಃ ಇತ್ತು. ಅಂದು ನೆಲದ ಮೇಲಿನ ನಾಣ್ಯಗಳೆಲ್ಲ ಕುಡುಗೋಲಿನಂತೆ ಬಾಗಿದ್ದವು. ಸಾವಿರ ವರ್ಷಗಳ ಹಿಂದೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಗ್ರಹಣದ ಇದೇ ಕುಡುಗೋಲನ್ನು ಸಣ್ಣ ರಂಧ್ರದ ಮೂಲಕ ಹಾಯಿಸಿ ಅಧ್ಯಯನ ಮಾಡಿ ಬರೆದಿಟ್ಟಿದ್ದಾರೆ. ಕಣ್ಣಿನಿಂದ ಬೆಳಕು ಹೊರಟು ವಸ್ತುವನ್ನು ಮುಟ್ಟುವುದಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ತಮ್ಮ ‘ಕಿತಾಬುಲ್ ಮನಾಝಿರ್’ನಲ್ಲಿ ವಾದಿಸಿದವರೂ ಅವರೇ. ಕ್ಯಾಮೆರಾ ಎಂಬ ಪದಕ್ಕೆ ಲ್ಯಾಟಿನ್‌ನಲ್ಲಿ ಕೋಣೆ ಎಂದೇ ಅರ್ಥ. ನಮ್ಮ ಅಜ್ಜಿಯರು ಅಂತಹ ಕೋಣೆಗಳಲ್ಲೇ ಅಡುಗೆ ಮಾಡುತ್ತಿದ್ದರು!

ಆ ಕೋಣೆಗೆ ಎಷ್ಟು ಬೆಳಕು ಬಿಡಬೇಕು ಎಂಬುದೇ ಫೋಟೋಗ್ರಫಿಯ ಲೆಕ್ಕ. ಕೊಡಕ್ಕೆ ನಳದ ನೀರು ತುಂಬಿದಂತೆ. ನಳವನ್ನು ಎಷ್ಟು ತೆರೆಯುತ್ತೀರಿ ಎಂಬುದು ಅಪರ್ಚರ್. ಎಷ್ಟು ಹೊತ್ತು ಬಿಡುತ್ತೀರಿ ಎಂಬುದು ಶಟರ್. ಮೂರನೆಯ ಐಎಸ್‌ಒ ಎಂಬುದು ಧ್ವನಿವರ್ಧಕದ ಗುಂಡಿಯಂತೆ. ಏರಿಸಿದರೆ ಮಾತೂ ಜೋರಾಗುತ್ತದೆ, ಗೊರಗೊರ ಸದ್ದೂ ಜೋರಾಗುತ್ತದೆ. ಕಾಸರಕೋಡಿನ ದಂಡೆಯಲ್ಲಿ ಬೀಸುಬಲೆ ಗಾಳಿಯಲ್ಲಿ ಬಿಚ್ಚಿಕೊಳ್ಳುವ ಕ್ಷಣಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗ ಬೇಕು. ಹೊನ್ನಾವರದ ಕಡೆ ರಾತ್ರಿಯ ಯಕ್ಷಗಾನಕ್ಕೆ ಅಷ್ಟು ಬೆಳಕೆಲ್ಲಿಂದ ಬರಬೇಕು? ಅಪರ್ಚರ್ ಪೂರ್ತಿ ತೆರೆದು, ಐಎಸ್‌ಒ 1600ಕ್ಕೆ ಏರಿಸಿ, ಕುಣಿಯುವ ವೇಷಧಾರಿ ಗಿರಕಿ ಮುಗಿಸಿ ಅರೆಕ್ಷಣ ನಿಲ್ಲುವುದನ್ನು ಕಾಯಬೇಕು. ಚಂಡೆಯ ಪೆಟ್ಟು ತಿಳಿದವನಿಗೆ ಆ ನಿಲುಗಡೆ ಮೊದಲೇ ಗೊತ್ತಾಗುತ್ತದೆ. ಆದ್ದರಿಂದಲೇ ಆಟದ ಫೋಟೋಗಳನ್ನು ನಮ್ಮ ಹೊನ್ನಾವರದ ಗೆಳೆಯನಷ್ಟು ಚೆನ್ನಾಗಿ ನಾವಿಬ್ಬರೂ ತೆಗೆಯಲಾರೆವು.

ಈ ಲೆಕ್ಕದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಉಪ್ಪು. ಕುಮಟಾ ತಾಲೂಕಿನ ಸಾಣಿಕಟ್ಟಾದಲ್ಲಿ ಬೇಸಿಗೆಯಲ್ಲಿ ಉಪ್ಪಿನ ರಾಶಿಗಳು ಕಣ್ಣು ಕೋರೈಸುವಷ್ಟು ಬೆಳ್ಳಗಿರುತ್ತವೆ. ಫೋಟೋದಲ್ಲಿ ಮಾತ್ರ ಬೂದಿಯ ಗುಡ್ಡೆ. ಅದೇ ತಾಲೂಕಿನ ಯಾಣಕ್ಕೆ ಹೋದೆವು. ಕಪ್ಪು ಬಂಡೆಗಳು ಫೋಟೋದಲ್ಲಿ ಹೊಗೆ ಮೆತ್ತಿದಂತೆ ಬೂದು. ಕ್ಯಾಮೆರಾ ಕೆಟ್ಟಿದೆ ಎಂದುಕೊಂಡೆವು. ಕೆಟ್ಟಿರಲಿಲ್ಲ. ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರ್ ತನ್ನ ಮುಂದಿರುವುದೆಲ್ಲ ಸರಾಸರಿ ಬೂದು ಬಣ್ಣದ್ದೇ ಎಂದು ಭಾವಿಸಿಕೊಂಡು ಲೆಕ್ಕ ಹಾಕುತ್ತದೆ. ಬಿಳಿಯನ್ನು ಬಿಳಿಯಾಗಿ ತೋರಿಸಬೇಕಿದ್ದರೆ ನಾವೇ ಬೆಳಕನ್ನು ಒಂದು ಹಂತ ಹೆಚ್ಚಿಸಬೇಕು. ಕಪ್ಪನ್ನು ಕಪ್ಪಾಗಿಯೇ ತೋರಿಸಲು ಒಂದು ಹಂತ ಇಳಿಸಬೇಕು. ಮದುವೆ ಮನೆಯಲ್ಲಿ ಬುರ್ಖಾ ತೊಟ್ಟವರ ಗುಂಪನ್ನು ತೆಗೆದಾಗ ಬಟ್ಟೆ ಬೂದಾಗಿ, ಮುಖಗಳೆಲ್ಲ ಸುಣ್ಣ ಬಳಿದಂತಾಗುವುದಕ್ಕೂ ಇದೇ ಕಾರಣ. ಯಂತ್ರ ಊಹಿಸುತ್ತದೆ. ಊಹೆಯನ್ನು ತಿದ್ದುವುದು ನೋಡುವವನ ಕೆಲಸ.

ಇಷ್ಟೆಲ್ಲ ಕಲಿತು ನಾವು ಫೋಟೋಗ್ರಾಫರ್‌ಗಳಾದೆವು ಎಂದುಕೊಂಡಿದ್ದೆವು. ಆಗ ಬಂತು ಮೂರನೆಯ ಪಾಠ.

ಅಘನಾಶಿನಿ ಒಂದೂ ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ. ಇಳಿತದ ಹೊತ್ತಿಗೆ ಅದರ ಅಳಿವೆಯಲ್ಲಿ ಹೆಂಗಸರು, ಗಂಡಸರು ಸೊಂಟದವರೆಗಿನ ನೀರಲ್ಲಿ ನಿಂತು ಬಳಚು, ಚಿಪ್ಪಿ ಹೆಕ್ಕುತ್ತಾರೆ. 2014ರಲ್ಲಿ ಒಂದು ಮುಂಜಾನೆ ದಡದ ಮರೆಯಿಂದ ಜೂಮ್ ಹಾಕಿ, ಬುಟ್ಟಿ ಹೊತ್ತು ನೀರಿನಿಂದ ಮೇಲೇರುತ್ತಿದ್ದ ಒಬ್ಬ ಹೆಂಗಸಿನ ಚಿತ್ರ ತೆಗೆದೆವು. ಒದ್ದೆ ಸೀರೆ, ಹಿಂದಿನಿಂದ ಬಂಗಾರದ ಬೆಳಕು. ಒಂದು ಸ್ಪರ್ಧೆಗೆ ಕಳಿಸಿದೆವು. ಎರಡನೆಯ ಬಹುಮಾನ ಬಂತು. ಪತ್ರಿಕೆಯೊಂದರ ಸ್ಥಳೀಯ ಪುಟದಲ್ಲಿ ಅಚ್ಚಾಯಿತು. ಮೂವರೂ ಊರಲ್ಲಿ ಎದೆಯುಬ್ಬಿಸಿ ನಡೆದೆವು.

ಎರಡು ವಾರದ ನಂತರ ಆಕೆ ಕುಮಟಾದ ಗೆಳೆಯನ ಮನೆಗೇ ಬಂದಳು. ಜಗಳಕ್ಕಲ್ಲ. ಅವನ ತಾಯಿ ಬಳಚು ಕೊಳ್ಳುತ್ತಿದ್ದುದೇ ಆಕೆಯಿಂದ! ಆ ಭಾನುವಾರ ನಾವು ಮೂವರೂ ಅಲ್ಲಿದ್ದೆವು. ಬುಟ್ಟಿ ಇಳಿಸಿ, ನಮ್ಮನ್ನು ನೋಡಿ, “ತಮಾ, ಕೇಳಿದ್ರೆ ಒಳ್ಳೆ ಸೀರೆ ಉಟ್ಕಂಡು ಬತ್ತಿದ್ದೆ. ಈಗ ಊರೆಲ್ಲ ನನ್ನ ಮೊಣಕಾಲು ನೋಡ್ತು” ಎಂದಳು.

ಫೋಟೋ ಸಹಜವಾಗಿರಬೇಕು, ಕೇಳಿದರೆ ಸಹಜತೆ ಹೋಗುತ್ತದೆ, ಅದು ಸಾರ್ವಜನಿಕ ಜಾಗ ಎಂಬ ಉತ್ತರಗಳೆಲ್ಲ ನಮ್ಮ ನಾಲಿಗೆಯ ತುದಿಯಲ್ಲಿದ್ದವು. ಒಂದೂ ಹೊರಬರಲಿಲ್ಲ. ನಮ್ಮ ತಾಯಂದಿರ, ಅಕ್ಕತಂಗಿಯರ ಅಂತಹ ಚಿತ್ರ ಪತ್ರಿಕೆಯಲ್ಲಿ ಬಂದಿದ್ದರೆ? ಭಟ್ಕಳದ ಗೆಳೆಯ ತಲೆ ತಗ್ಗಿಸಿ ಕುಳಿತಿದ್ದ. ಅವನ ಮನೆಯಲ್ಲಿ ಹೆಂಗಸರ ಒಂದು ಫೋಟೋ ತೆಗೆಯಬೇಕಿದ್ದರೆ ಅವನು ಹತ್ತು ಸಲ ಕೇಳುತ್ತಾನೆ. ಇಲ್ಲಿ ಒಂದು ಸಲವೂ ಕೇಳಿರಲಿಲ್ಲ. ಏಕೆ? ಆಕೆ ಬಡವಳೆಂದಲ್ಲವೇ? ನಮ್ಮ ಮನೆಯ ಹೆಂಗಸರಿಗಿರುವ ಮರ್ಯಾದೆ ನೀರಲ್ಲಿ ನಿಂತು ದುಡಿಯುವವರಿಗಿಲ್ಲ ಎಂದು ಯಾವ ಧರ್ಮ ಹೇಳಿದೆ?

ನಮ್ಮ ಬಳಿಯಿದ್ದ ಆ ಚಿತ್ರವನ್ನು ಅಳಿಸಿದೆವು. ಅಚ್ಚಾದುದನ್ನು ಅಳಿಸಲಾಗಲಿಲ್ಲ. ಮುಂದಿನ ಭಾನುವಾರ ಆಕೆಯ ಮನೆಗೆ ಹೋದೆವು. ಆಕೆ ಮಗಳ ಮದುವೆಯಲ್ಲಿ ಉಟ್ಟ ಹಸಿರು ಸೀರೆ ಉಟ್ಟು, ತಲೆ ಬಾಚಿ, ಜಗಲಿಯಲ್ಲಿ ನೆಟ್ಟಗೆ ಕುಳಿತಿದ್ದಳು. ತೆಗೆದೆವು. ಸ್ಪರ್ಧೆಯ ತೀರ್ಪುಗಾರರು ನೋಡಿದರೆ ಪಕ್ಕಕ್ಕೆ ಸರಿಸುವಂತಹ ಫೋಟೋ ಅದು. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಚೌಕಟ್ಟು ಕಟ್ಟಿಸಿ ಕೊಟ್ಟೆವು. ಇಂದಿಗೂ ಆಕೆಯ ಗೋಡೆಯ ಮೇಲಿದೆ.

ಕೇಳಿದರೆ ಸಹಜತೆ ಹೋಗುತ್ತದೆ ಎಂಬುದು ಅರ್ಧ ಸತ್ಯ. ಕೇಳಿದ ಮೊದಲ ಹತ್ತು ನಿಮಿಷ ಹೋಗುತ್ತದೆ. ಅಲ್ಲೇ ಕುಳಿತು ಚಹಾ ಕುಡಿದು, ಬಲೆಯ ಬೆಲೆ, ಮಕ್ಕಳ ಶಾಲೆ ಮಾತಾಡುತ್ತಿದ್ದರೆ ಜನ ಕ್ಯಾಮೆರಾವನ್ನು ಮರೆಯುತ್ತಾರೆ. ಅಂದಿನಿಂದ ನಾವು ಮನುಷ್ಯರಿಗೆ ಜೂಮ್ ಬಳಸುವುದನ್ನು ಬಿಟ್ಟೆವು. 50 ಎಂಎಂ ಲೆನ್ಸ್ ಹಾಕಿಕೊಂಡರೆ ಹತ್ತಿರ ಹೋಗಲೇಬೇಕು. ಹತ್ತಿರ ಹೋದರೆ ಮಾತಾಡಲೇಬೇಕು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ತೆಗೆದೇ ದೇಶ ವಿದೇಶಗಳಲ್ಲಿ ಹೆಸರು ಪಡೆದವರು. ಅವರ ಚಿತ್ರಗಳಲ್ಲಿನ ಮಕ್ಕಳ ನಗುವನ್ನು ನೋಡಿದಾಗಲೆಲ್ಲ, ಅದು ಮರೆಯಲ್ಲಿ ನಿಂತು ಕದ್ದ ನಗುವಲ್ಲ ಎಂದು ನಮಗನ್ನಿಸುತ್ತದೆ.

ಈ ಪಾಠ ನಮ್ಮ ಊರುಗಳಿಗೂ ಅನ್ವಯಿಸುತ್ತದೆ. 1993ರ ಗಲಭೆಯ ನಂತರ ಭಟ್ಕಳದ ಹೆಸರು ಬಂದಾಗಲೆಲ್ಲ ಜೊತೆಗೆ ಬಂದ ಚಿತ್ರಗಳು ಯಾವುವು? ಮುಚ್ಚಿದ ಅಂಗಡಿಗಳು, ಪೊಲೀಸ್ ವ್ಯಾನು, ಖಾಲಿ ರಸ್ತೆ. ಅವು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಊರೆಂದರೆ ಅಷ್ಟೇನೇ? ಮುಂಜಾನೆ ಮಲ್ಲಿಗೆ ಮೊಗ್ಗು ಕೊಯ್ಯುವ ಕೈಗಳು ಒಂದು ಸಮುದಾಯದವು, ಸಂಜೆ ಆ ದಂಡೆ ಮುಡಿಯುವ ಮದುಮಗಳು ಇನ್ನೊಂದು ಸಮುದಾಯದವಳು. ಭಟ್ಕಳದಲ್ಲಿ ಇದು ದಿನದ ವ್ಯವಹಾರ. ಕೇತಪೈ ನಾರಾಯಣ ದೇವಾಲಯದ ಕಲ್ಲಿನ ಕೆತ್ತನೆ, ನವಾಯತರ ಹಳೆಯ ಮನೆಗಳ ಮರದ ಕೆತ್ತನೆ, ಜೈನ ಬಸದಿಯ ಕಂಬ ಒಂದೇ ಮಧ್ಯಾಹ್ನ ನಡೆದು ನೋಡುವಷ್ಟು ಹತ್ತಿರ. ಹೊರಗಿನಿಂದ ಒಂದು ದಿನ ಬಂದು ಹೋಗುವ ಕ್ಯಾಮೆರಾಗಳು ಎಲ್ಲವನ್ನೂ ಬೂದು ಎಂದು ಊಹಿಸಿದವು. ತಿದ್ದಬೇಕಾದವರು ಊರಲ್ಲಿದ್ದ ನಾವು. ನಾವೋ ಮುರುಡೇಶ್ವರದ ಸೂರ್ಯಾಸ್ತವನ್ನು ನೂರನೆಯ ಸಲ ತೆಗೆಯುತ್ತಿದ್ದೆವು!

ಇನ್ನು ಎಡಿಟಿಂಗ್. ಮೊದಲು ನಮಗದು ಬಣ್ಣ ಹಚ್ಚುವ ಆಟವಾಗಿತ್ತು. ಶರಾವತಿಯ ನೀರನ್ನು ನೀಲಿ ಶಾಯಿ ಮಾಡಿದೆವು. ಮಿರ್ಜಾನ್ ಕೋಟೆಯ ಪಾಚಿಯನ್ನು ಪ್ಲಾಸ್ಟಿಕ್ ಹುಲ್ಲಿನಂತೆ ಮಾಡಿದೆವು. ನಿಧಾನಕ್ಕೆ ತಿಳಿಯಿತು, ದಿಗಂತ ಓರೆಯಾಗಿದ್ದರೆ ನೆಟ್ಟಗೆ ಮಾಡುವುದು, ಬೆಳಕು ಸರಿಪಡಿಸುವುದು, ಬೇಡದ ಅಂಚನ್ನು ಕತ್ತರಿಸುವುದು, ಇಷ್ಟರಲ್ಲೇ ಮುಕ್ಕಾಲು ಎಡಿಟಿಂಗ್ ಮುಗಿಯುತ್ತದೆ. ಫೋಟೋವನ್ನು ರಾ ಫೈಲಿನಲ್ಲಿ ತೆಗೆದರೆ ಇದಕ್ಕೆ ಅವಕಾಶ ಹೆಚ್ಚು. ಡಾರ್ಕ್‌ಟೇಬಲ್, ಜಿಂಪ್ ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಕಳ್ಳಪ್ರತಿ ಹುಡುಕಿಕೊಂಡು ಹೋಗಬೇಕಿಲ್ಲ. ಮುಖ್ಯವಾದ ಫೋಟೋಗಳ ಮೂರು ಪ್ರತಿಗಳಿರಲಿ, ಅವುಗಳಲ್ಲೊಂದು ಬೇರೆ ಮನೆಯಲ್ಲಿರಲಿ. ಒಂದೇ ಹಾರ್ಡ್ ಡಿಸ್ಕ್ ನಂಬಿ ಎರಡು ವರ್ಷದ ಕೆಲಸ ಕಳೆದುಕೊಂಡ ಮೇಲೆ ಹೇಳುತ್ತಿದ್ದೇವೆ.

ಎಡಿಟಿಂಗ್‌ನ ನಿಜವಾದ ಪರೀಕ್ಷೆ ನಮಗೆ ಎದುರಾದದ್ದು 2023ರಲ್ಲಿ. ಭಟ್ಕಳದ ಗೆಳೆಯನ ಅಜ್ಜಿ ಎರಡು ವರ್ಷಗಳ ಹಿಂದೆ ತೀರಿಕೊಂಡಿದ್ದರು. ಬದುಕಿಡೀ ಅವರು ಕ್ಯಾಮೆರಾಕ್ಕೆ ಮುಖ ಕೊಟ್ಟವರಲ್ಲ. ಜೀವಿಗಳ ಚಿತ್ರ ಸಲ್ಲದು ಎಂಬುದು ಅವರ ನಂಬಿಕೆ. ಕನ್ನಡಿಯ ಪ್ರತಿಬಿಂಬವನ್ನು ಹಿಡಿದಿಟ್ಟಂತೆ ಇದು, ಹೊಸದಾಗಿ ರೂಪ ಸೃಷ್ಟಿಸಿದಂತಲ್ಲ ಎಂದು ಫೋಟೋವನ್ನು ಒಪ್ಪಿದ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ಅಜ್ಜಿ ಒಪ್ಪದವರ ಕಡೆ. ಆದರೆ 1998ರಲ್ಲಿ ಹಜ್‌ಗೆ ಹೊರಟಾಗ ಪಾಸ್‌ಪೋರ್ಟಿಗೆ ಫೋಟೋ ಬೇಕೇ ಬೇಕಾಯಿತು. ಆಗ ತೆಗೆಸಿದ, ಬೆರಳುದ್ದದ ಒಂದೇ ಒಂದು ಫೋಟೋ ಉಳಿದಿತ್ತು. ಅಂಚಿನಲ್ಲಿ ಮುದ್ರೆಯ ಮಸಿ ಹತ್ತಿ ಮಸುಕಾಗಿತ್ತು. “ಇದನ್ನು ಸ್ವಲ್ಪ ದೊಡ್ಡದು ಮಾಡಿಕೊಡಿ” ಎಂದು ಗೆಳೆಯನ ತಾಯಿ ಕೇಳಿದರು.

ನಾವು ಮೊಬೈಲಿನಲ್ಲಿ ಸಿಗುವ ಹೊಸ ಕೃತಕ ಬುದ್ಧಿಮತ್ತೆಯ ಆ್ಯಪಿಗೆ ಹಾಕಿದೆವು. ಅರೆನಿಮಿಷದಲ್ಲಿ ಚಿತ್ರ ಬಂತು. ಹೊಳೆಯುವ ಕಣ್ಣು, ತುಂಬಿದ ಕೆನ್ನೆ, ಒಂದು ಸುಕ್ಕೂ ಇಲ್ಲ. ಖುಷಿಯಿಂದ ತೋರಿಸಿದೆವು. ಆ ತಾಯಿ ತುಂಬ ಹೊತ್ತು ನೋಡಿ, “ಇವರು ಯಾರು?” ಎಂದು ಕೇಳಿದರು.

ಯಂತ್ರ ಮತ್ತೆ ಊಹಿಸಿತ್ತು. ಸಾವಿರಾರು ಮುಖಗಳನ್ನು ಕಲಸಿ ಒಂದು ಸರಾಸರಿ ಮುಖ ಮಾಡಿ ಕೊಟ್ಟಿತ್ತು. ಮತ್ತೆ ಮೊದಲಿನಿಂದ ಶುರು ಮಾಡಿದೆವು. ಫೋಟೋವನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಮುದ್ರೆಯ ಮಸಿಯನ್ನಷ್ಟೇ ತೆಗೆದು, ಮಸುಕನ್ನು ತುಸು ತಿಳಿ ಮಾಡಿದೆವು. ಎಡ ಹುಬ್ಬಿನ ಮೇಲಿನ ಗಾಯದ ಗುರುತು, ಹಣೆಯ ಗೆರೆ, ಕ್ಯಾಮೆರಾವನ್ನು ನಂಬದ ಆ ನೋಟ, ಯಾವುದನ್ನೂ ಮುಟ್ಟಲಿಲ್ಲ. ಅಷ್ಟು ಸಣ್ಣ ಫೋಟೋ ಐದು ಇಂಚು ಅಗಲ, ಏಳು ಇಂಚು ಎತ್ತರಕ್ಕಿಂತ ಹೆಚ್ಚು ಹಿಗ್ಗದು. ಅಷ್ಟೇ ಮಾಡಿ ಕೊಟ್ಟೆವು. ಆ ತಾಯಿ ಮಾತಾಡಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡರು. ಅತ್ತೆಯ ಇಷ್ಟಕ್ಕೆ ವಿರುದ್ಧವಾಗಬಾರದೆಂದು ಅದನ್ನು ಗೋಡೆಗೆ ತೂಗುಹಾಕಲಿಲ್ಲ. ಕಪಾಟಿನಲ್ಲಿ, ಅತ್ತೆಯ ನಮಾಝಿನ ಬಟ್ಟೆಯ ಮಡಿಕೆಯೊಳಗೆ ಇಟ್ಟುಕೊಂಡಿದ್ದಾರೆ. ಫೋಟೋವನ್ನು ಎಲ್ಲಿಡಬೇಕೆಂದು ಹೇಳುವ ಹಕ್ಕು ನಮಗಿಲ್ಲ ಎಂಬುದು ಅಷ್ಟರಲ್ಲಿ ನಮಗೆ ತಿಳಿದಿತ್ತು.

ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಯುವಕರು ಕೇಳುತ್ತಾರೆ. ತುಂಬುತ್ತದೆ, ಆದರೆ ತಿಂಗಳು ತಿಂಗಳೂ ಅಲ್ಲ. ನಮ್ಮಲ್ಲಿ ಒಬ್ಬ ಶಾಲಾ ಮೇಷ್ಟ್ರು, ಒಬ್ಬ ಗಲ್ಫ್‌ಗೆ ಹೋಗಿ ಬಂದು ಅಂಗಡಿ ಇಟ್ಟವನು. ಫೋಟೋವನ್ನೇ ವೃತ್ತಿ ಮಾಡಿಕೊಂಡವನು ಒಬ್ಬನೇ. ಮದುವೆಗಳೇ ಅವನ ಆಧಾರ. ಮಳೆಗಾಲದಲ್ಲೂ ರಮಝಾನಿನಲ್ಲೂ ಕೈ ಖಾಲಿ. ಅವನ ಹೆಂಡತಿ ಕ್ಯಾಮೆರಾ ಕಲಿತ ಮೇಲೆ ಪರಿಸ್ಥಿತಿ ಬದಲಾಯಿತು. ನಮ್ಮ ಮದುವೆಗಳಲ್ಲಿ ಹೆಂಗಸರ ವಿಭಾಗಕ್ಕೆ ಗಂಡಸರು ಹೋಗುವಂತಿಲ್ಲ. ಅಲ್ಲಿ ಚಿತ್ರ ತೆಗೆಯಬಲ್ಲ ಹೆಣ್ಣುಮಕ್ಕಳು ಬೇಕು, ಆದರೆ ಸಾಕಷ್ಟು ಇಲ್ಲ. ಮನೆಯ ಹೆಣ್ಣುಮಗಳಿಗೆ ಕ್ಯಾಮೆರಾ ಏಕೆ ಎನ್ನುವ ಹಿರಿಯರು ಇದನ್ನು ದಯವಿಟ್ಟು ಯೋಚಿಸಬೇಕು. ಮನೆಯ ಮಾನ ಕಾಪಾಡಲೆಂದೇ ಆಕೆ ಕಲಿಯಬೇಕಾಗಿದೆ.

ವೃತ್ತಿಗೆ ಇಳಿಯುವವರು ಕಾನೂನಿನ ಒಂದು ಮಾತನ್ನೂ ತಿಳಿದಿರಬೇಕು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಯಾರಾದರೂ ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆಯರು ತೆಗೆಸಿದವರೇ, ಬೇರೆ ಒಪ್ಪಂದವಿಲ್ಲದಿದ್ದರೆ. ಮದುಮಗಳ ಚಿತ್ರವನ್ನು ತನ್ನ ಸ್ಟುಡಿಯೋದ ಜಾಹೀರಾತಿಗೆ ಬಳಸುವವನು ಕೇಳಿಯೇ ಬಳಸಬೇಕು. ಮುಂಗಡವೆಷ್ಟು, ಎಷ್ಟು ಚಿತ್ರ, ಯಾವ ದಿನ ಕೊಡುವುದು, ಯಾವುದನ್ನು ಯಾರಿಗೂ ತೋರಿಸಬಾರದು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡರೆ ಇಬ್ಬರಿಗೂ ಕ್ಷೇಮ.

ಪತ್ರಿಕಾ ಛಾಯಾಗ್ರಹಣದ ಕನಸು ಇರುವವರಿಗೆ ದಿಲ್ಲಿಯ ಜಾಮಿಯಾ ಮಿಲ್ಲಿಯಾದಂತಹ ಕಡೆ ಕಲಿಯುವ ಅವಕಾಶವಿದೆ. ಡ್ಯಾನಿಶ್ ಸಿದ್ದೀಕಿ ಓದಿದ್ದು ಅಲ್ಲೇ. ರೊಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ ರಾಯಿಟರ್ಸ್ ತಂಡದ ಜೊತೆ 2018ರ ಪುಲಿಟ್ಜರ್ ಪಡೆದ ಅವರು, 2021ರ ಜುಲೈಯಲ್ಲಿ ಅಫ್ಘಾನಿಸ್ತಾನದಲ್ಲಿ ಕೆಲಸದ ನಡುವೆಯೇ ಕೊಲ್ಲಲ್ಪಟ್ಟರು. ಕೋವಿಡ್ ಕಾಲದ ಭಾರತದ ಚಿತ್ರಗಳಿಗಾಗಿ ಮರುವರ್ಷ ಸಹೋದ್ಯೋಗಿಗಳ ಜೊತೆ ಅವರ ಹೆಸರಿಗೂ ಆ ಪ್ರಶಸ್ತಿ ಮತ್ತೊಮ್ಮೆ ಬಂತು. ಈ ದಾರಿ ಹಿಡಿಯುವವರು ಅದರ ಬೆಲೆಯನ್ನೂ ತಿಳಿದೇ ಹೊರಡಬೇಕು.

ನಮ್ಮ ಹಳೆಯ ಕ್ಯಾಮೆರಾ ಈಗಲೂ ಕೆಲಸ ಮಾಡುತ್ತದೆ. ಕಳೆದ ರಜೆಯಲ್ಲಿ ಮೂವರೂ ಸೇರಿದಾಗ ಅದನ್ನು ಡಬ್ಬಿಯಿಂದ ತೆಗೆದು ಹೊನ್ನಾವರದ ಗೆಳೆಯನ ಹತ್ತು ವರ್ಷದ ಮಗಳ ಕೈಗೆ ಕೊಟ್ಟೆವು. ಯಾವ ಗುಂಡಿ ಒತ್ತಬೇಕು ಎಂದು ಅವಳು ಕೇಳುವ ಮೊದಲೇ, “ಯಾರ ಫೋಟೋ ತೆಗೆಯುವುದಿದ್ದರೂ ಮೊದಲು ಕೇಳಬೇಕು” ಎಂದು ಹೇಳಿದೆವು. ಅವಳು ಜಗಲಿಯಲ್ಲಿ ಮಲಗಿದ್ದ ಬೆಕ್ಕನ್ನು ನೋಡಿ, “ಅದಕ್ಕೂ ಕೇಳಬೇಕಾ?” ಎಂದಳು.

ಕೇಳು ಎಂದೆವು. ಅವಳು ನಿಜವಾಗಿಯೂ ಬೆಕ್ಕಿನ ಮುಂದೆ ಕುಳಿತು ಕೇಳಿದಳು. ನಾವು ಮೂವರೂ ನಕ್ಕೆವು. ಆದರೆ ಬೆಕ್ಕು ಕಣ್ಣು ತೆರೆದು ಅವಳನ್ನೇ ನೋಡಿತು. ಫೋಟೋ ಚೆನ್ನಾಗಿ ಬಂತು.